ಚೀನಾದವರು ಅಷ್ಟೊಂದು ಅಕ್ಷರ ಹೇಗೆ ಓದ್ತಾರೆ?

ನಾನು ಚೀನೀ ಭಾಷೆ ಕಲಿತವನು ಎಂದು ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಇದೇ ಪ್ರಶ್ನೆ: "ಅವರದ್ದು ಅಕ್ಷರ ಅಲ್ಲ, ಚಿತ್ರ ಅಲ್ವಾ? ಸಾವಿರಾರು ಚಿತ್ರ ಹೇಗಪ್ಪಾ ನೆನಪಿಟ್ಟುಕೊಳ್ತಾರೆ?"

ಬೆಟ್ಟ, ಮರದಂಥ ಕೆಲವು ಹಳೆಯ ಅಕ್ಷರಗಳು ಚಿತ್ರದಿಂದ ಬಂದದ್ದು ನಿಜ. ಆದರೆ ಬಹುಪಾಲು ಅಕ್ಷರಗಳು ಎರಡು ತುಂಡು ಸೇರಿ ಆದವು. ಒಂದು ತುಂಡು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಉಚ್ಚಾರಣೆಯದ್ದು. ಅಮ್ಮನಿಗೆ ಅವರು 'ಮಾ' ಅನ್ನುತ್ತಾರೆ. ಆ ಅಕ್ಷರದ ಎಡಕ್ಕೆ 'ಹೆಣ್ಣು', ಬಲಕ್ಕೆ 'ಕುದುರೆ'. ಅಮ್ಮನಿಗೆ ಕುದುರೆ ಯಾಕೆ? ಕುದುರೆಗೂ 'ಮಾ' ಅನ್ನುತ್ತಾರೆ, ರಾಗ ಮಾತ್ರ ಬೇರೆ.

'ಛಿಂಗ್' ಎಂಬ ತುಂಡು ನನಗೆ ತುಂಬಾ ಇಷ್ಟ. ಅದರ ಪಕ್ಕ ನೀರು ಇಟ್ಟರೆ 'ತಿಳಿ', ಸೂರ್ಯ ಇಟ್ಟರೆ ಮೋಡವಿಲ್ಲದ ದಿನ, ಹೃದಯ ಇಟ್ಟರೆ 'ಭಾವನೆ', ಮಾತು ಇಟ್ಟರೆ 'ದಯವಿಟ್ಟು'. ಎಲ್ಲವೂ ಛಿಂಗ್, ರಾಗದಲ್ಲಷ್ಟೇ ಅಲ್ಲಲ್ಲಿ ವ್ಯತ್ಯಾಸ. ಹಾಗಂತ ಪೂರ್ತಿ ನಂಬುವ ಹಾಗಿಲ್ಲ. ಅದೇ ತುಂಡಿನ ಪಕ್ಕ ನಾಯಿ ಬಂದರೆ ಓದುವುದು 'ತ್ಸಾಯ್' ಎಂದು. ಅರ್ಥ ಏನು ಗೊತ್ತಾ? 'ಊಹಿಸು'!

ಓದಿ ಪಳಗಿದವರು ಹೀಗೆ ತುಂಡು ಬಿಡಿಸುತ್ತಾ ಕೂರುವುದಿಲ್ಲ. 'ಸ್ತ್ರೀ' ಕಂಡಾಗ ನಾವು ಸ, ತ, ರ ಎಂದು ಎಣಿಸುತ್ತೇವಾ? ಹಾಗೇ ಇದೂ. ಇನ್ನು ಲೆಕ್ಕದ ಮಾತು. 1988ರಲ್ಲಿ ಚೀನಾ ಸರ್ಕಾರ ಹೊರಡಿಸಿದ ಬಳಕೆಯ ಅಕ್ಷರಗಳ ಪಟ್ಟಿಯಲ್ಲಿ ಇರುವುದು 3,500. ದಿನಪತ್ರಿಕೆ ಓದಲು ಹೆಚ್ಚುಕಮ್ಮಿ ಅಷ್ಟು ಸಾಕು.

ನನ್ನನ್ನು ಸುಸ್ತು ಮಾಡಿದ್ದು ಅಕ್ಷರ ಅಲ್ಲ, ಪದ. ಹೆಚ್ಚಿನ ಪದಗಳಿಗೆ ಎರಡು ಅಕ್ಷರ, ಆದರೆ ಪದಗಳ ನಡುವೆ ಜಾಗವೇ ಬಿಡುವುದಿಲ್ಲ. ನಮ್ಮ ಹಳೆಯ ಶಾಸನಗಳಲ್ಲೂ ಹೀಗೇ ಅಲ್ವಾ, ಒಂದೇ ಸಮನೆ ಕೊರೆದುಕೊಂಡು ಹೋಗಿರುತ್ತಾರೆ. 'ಜೀವದ ಮೂಲವನ್ನು ಸಂಶೋಧಿಸು' ಎಂಬ ಮಾತು ಚೀನೀಯಲ್ಲಿ ಆರೇ ಅಕ್ಷರ. ಮೊದಲ ಎರಡು ಸೇರಿದರೆ 'ಸಂಶೋಧಿಸು'. ಮೂರನೆಯದನ್ನೂ ಸೇರಿಸಿಕೊಂಡರೆ 'ಸ್ನಾತಕೋತ್ತರ ವಿದ್ಯಾರ್ಥಿ'! ನಾನು ಆ ವಿದ್ಯಾರ್ಥಿಯನ್ನು ಹಿಡಿದುಕೊಂಡು ಮುಂದೆ ಹೋಗಿ, ನಾಲ್ಕನೆಯ ಅಕ್ಷರ ಯಾರಿಗೂ ಸೇರದೆ ಒಂಟಿಯಾದಾಗ ವಾಪಸ್ ಬಂದೆ. ಪಳಗಿದ ಕಣ್ಣು ಕೂಡ ಒಂದು ಸಲಕ್ಕೆ ಹಿಡಿಯುವುದು ನಿಂತ ಜಾಗದಿಂದ ಎಡಕ್ಕೊಂದು, ಬಲಕ್ಕೆ ಎರಡು ಮೂರು ಅಕ್ಷರ. ಅಷ್ಟರಲ್ಲೇ ಯಾವುದು ಯಾವುದರ ಜೋಡಿ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ಜೋಡಿಗಳನ್ನು ಅವರು ಚಿಕ್ಕಂದಿನಿಂದ ಕೇಳಿದ್ದಾರೆ, ನಾನು ಕೇಳಿಲ್ಲ.

ಗುರುತು ಹಿಡಿಯುವವರಿಗೆಲ್ಲ ಬರೆಯಲು ಬರುತ್ತದೆ ಅಂದುಕೊಳ್ಳಬೇಡಿ. ಫೋನಿನಲ್ಲಿ ಉಚ್ಚಾರಣೆ ಟೈಪ್ ಮಾಡಿದರೆ ಅಕ್ಷರಗಳು ಸಾಲಾಗಿ ಬರುತ್ತವೆ, ಆರಿಸಿಕೊಂಡರಾಯಿತು. 'ಪೆನ್ನು ಎತ್ತಿದರೆ ಅಕ್ಷರ ಮರೆತುಹೋಯ್ತು' ಎಂಬರ್ಥದ ನುಡಿಗಟ್ಟೇ ಅವರಲ್ಲಿದೆ. ನಮಗೆ ಪಾಠ ಮಾಡುತ್ತಿದ್ದ ಬೀಜಿಂಗಿನ ಮೇಡಂ ಒಮ್ಮೆ ಬೋರ್ಡಿನ ಮೇಲೆ 'ಸೀನು' ಎಂದು ಬರೆಯಲು ಹೋದರು. ಮೊದಲ ಅಕ್ಷರ ಬಂತು. ಎರಡನೆಯದಕ್ಕೆ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ನಕ್ಕು, ಬ್ಯಾಗಿನಿಂದ ಫೋನ್ ತೆಗೆದರು.