ಗುಬ್ಬಿ ಕಂಪನಿ ಬಲ್ಲವರಿಗೆ ಹ್ಯೂಬರ್ಟ್ ಒಗುಂಡೆ

ನೈಜೀರಿಯಾ ಸಿನಿಮಾ ಅಂದರೆ ಈಗಿನ ಹುಡುಗರಿಗೆ ಫೋನಿನಲ್ಲಿ ಬಂದು ಹೋಗುವ ತಮಾಷೆ ತುಣುಕುಗಳಷ್ಟೇ. ಆ ಸಿನಿಮಾದ ಬೇರು ಹುಡುಕಿ ಹೋದರೆ ಲಾರಿಯಲ್ಲಿ ಊರೂರು ಅಲೆದ ನಾಟಕ ಕಂಪನಿಗಳು ಸಿಗುತ್ತವೆ. ಅವುಗಳಲ್ಲಿ ದೊಡ್ಡದು ಹ್ಯೂಬರ್ಟ್ ಒಗುಂಡೆ ಅವರದು. ಮಾಲೀಕರು ಅವರೇ, ಹಾಡು ಕಟ್ಟುವವರು ಅವರೇ, ಮುಖ್ಯ ಪಾತ್ರವೂ ಅವರದೇ. ತಮ್ಮ ಮೊದಲ ಸಿನಿಮಾ ತೆರೆಗೆ ತಂದಾಗ ಅವರಿಗೆ ಅರವತ್ತು ದಾಟಿತ್ತು. ಅವರ ಬಗ್ಗೆ ಬರೆಯುವವರು ಬಹುಪಾಲು ‘ರಂಗಭೂಮಿಯ ಪಿತಾಮಹ’ ಅಂತ ಒಂದು ಹಾರ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ತುಮಕೂರು ಸೀಮೆಯವರಿಗೆ ಆ ಹಾರ ಸಾಲದು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಸಂಘ ಹೇಗೆ ನಡೆಯಿತು, ವೀರಣ್ಣನವರು ಅದನ್ನು ಹೇಗೆ ನಡೆಸಿದರು ಅನ್ನುವುದು ನಮ್ಮ ಕಡೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅಷ್ಟು ಗೊತ್ತಿದ್ದರೆ ಒಗುಂಡೆಯವರ ಬದುಕಿನ ಬಹಳಷ್ಟು ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಅವರ ನಿರ್ಧಾರಗಳಲ್ಲಿ ನಟನಿಗಿಂತ ಮಾಲೀಕನೇ ಹೆಚ್ಚು ಕಾಣುತ್ತಾನೆ.

ಹುಟ್ಟಿದ್ದು 1916ರಲ್ಲಿ, ನೈಜೀರಿಯಾದ ನೈಋತ್ಯ ಮೂಲೆಯ ಇಜೆಬು ಸೀಮೆಯ ಒಸೊಸಾ ಎಂಬ ಊರಲ್ಲಿ. ತಂದೆ ಕ್ರೈಸ್ತ ಪಾದ್ರಿ. ತಾಯಿಯ ಕಡೆ ಅಜ್ಜ ಆ ಸೀಮೆಯ ಯೊರುಬಾ ಜನರ ಹಳೆಯ ದೈವಗಳ ಪೂಜಾರಿ. ಹುಡುಗ ಚರ್ಚಿನಲ್ಲಿ ಆರ್ಗನ್ ನುಡಿಸುವುದನ್ನೂ ಕಲಿತ, ಊರಿನ ವೇಷಗಾರರ ಮೇಳದ ಜೊತೆ ಕುಣಿಯುವುದನ್ನೂ ಕಲಿತ. ದೊಡ್ಡವನಾದ ಮೇಲೆ ಕೆಲ ಕಾಲ ಶಾಲೆ ಮೇಷ್ಟ್ರು, ಆಮೇಲೆ ಪೊಲೀಸು.

ಆರ್ಗನ್ನಿನ ವಿಷಯ ಇಲ್ಲಿ ಸಣ್ಣದಲ್ಲ. ಯೊರುಬಾ ಭಾಷೆಯಲ್ಲಿ ದನಿಯ ಏರಿಳಿತವೇ ಅರ್ಥ ಕೊಡುತ್ತದೆ. ಮೇಲು, ನಡು, ಕೆಳಗು ಅಂತ ಮೂರು ಮಟ್ಟ. ಅದೇ ಅಕ್ಷರಗಳನ್ನು ಬೇರೆ ಮಟ್ಟದಲ್ಲಿ ಹೇಳಿದರೆ ಪದವೇ ಬೇರೆ. ಮಿಷನರಿಗಳು ಇಂಗ್ಲಿಷ್ ಪ್ರಾರ್ಥನೆಯ ಧಾಟಿಗೆ ಯೊರುಬಾ ಮಾತು ಕೂಡಿಸಿದಾಗ ಕೆಡುತ್ತಿದ್ದದ್ದು ಇದೇ: ರಾಗ ಮೇಲೆ ಹೋದ ಕಡೆ ಮಾತು ಕೆಳಗಿರಬೇಕಾಗಿತ್ತು, ಅರ್ಥ ಎಲ್ಲೋ ಹೋಗುತ್ತಿತ್ತು. ನಮ್ಮಲ್ಲಿ ಕಂದ ಹಾಡುವವನು ಶ್ರುತಿ ಬಿಟ್ಟರೆ ಹಾರ್ಮೋನಿಯಂ ಮೇಷ್ಟ್ರು ಮುಖ ಸಿಂಡರಿಸುತ್ತಾರೆ, ಆದರೆ ಪದ್ಯದ ಅರ್ಥವಂತೂ ಕೆಡುವುದಿಲ್ಲ. ಅಲ್ಲಿ ಕೆಡುತ್ತದೆ. ಹಾಗಾಗಿ ಯೊರುಬಾ ನಾಟಕಕ್ಕೆ ರಾಗ ಹಾಕುವವನು ಮೊದಲು ಮಾತು ಆಡಿ ನೋಡಿ, ಅದರ ಏರಿಳಿತದ ಮೇಲೆಯೇ ರಾಗ ಎಳೆಯಬೇಕು. ಎರಡು ಬಗೆಯ ಸಂಗೀತದಲ್ಲೂ ಕೈ ಪಳಗಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಇದು.

1944ರ ಜೂನ್‌ನಲ್ಲಿ ಲಾಗೋಸಿನ ಗ್ಲೋವರ್ ಹಾಲ್‌ನಲ್ಲಿ ಅವರ ಮೊದಲ ಸಂಗೀತ ನಾಟಕ ನಡೆಯಿತು. ಬೈಬಲ್ಲಿನ ಈಡನ್ ತೋಟದ ಕಥೆ. ಒಂದು ಚರ್ಚಿನ ಕಟ್ಟಡದ ಚಂದಾಕ್ಕಾಗಿ ಆಡಿದ್ದು. ಜನ ಮುಗಿಬಿದ್ದರು. ಮರುವರ್ಷವೇ ಪೊಲೀಸ್ ಕೆಲಸಕ್ಕೆ ನಮಸ್ಕಾರ ಹೇಳಿ ‘ಆಫ್ರಿಕನ್ ಮ್ಯೂಸಿಕ್ ರಿಸರ್ಚ್ ಪಾರ್ಟಿ’ ಅಂತ ಕಂಪನಿ ಕಟ್ಟಿದರು. ಹೆಸರು ಸಂಶೋಧನಾ ಸಂಸ್ಥೆಯ ಹಾಗಿದೆ, ಕೆಲಸ ಮಾತ್ರ ಟಿಕೆಟ್ ಮಾರಿ ಹೊಟ್ಟೆ ಹೊರೆಯುವುದು.

ಈಗ ಕಂಪನಿ ನಡೆಸುವ ರೀತಿಗೆ ಬರೋಣ. ಗುಬ್ಬಿ ಕಂಪನಿಗೂ ಒಗುಂಡೆ ಕಂಪನಿಗೂ ದೊಡ್ಡ ವ್ಯತ್ಯಾಸ ಇರುವುದು ಮೊಕ್ಕಾಂನಲ್ಲಿ. ನಮ್ಮ ಕಂಪನಿ ಒಂದೂರಿಗೆ ಬಂದರೆ ತಿಂಗಳುಗಟ್ಟಲೆ ಕ್ಯಾಂಪು. ಚಪ್ಪರ ಎಬ್ಬಿಸಿ, ದರ್ಬಾರ್ ಸೀನು, ಕಾಡು ಸೀನು, ರಸ್ತೆ ಸೀನು ಎಲ್ಲಾ ಕಟ್ಟಿ, ಅದೇ ಊರಿಗೆ ಹತ್ತಾರು ನಾಟಕ ತೋರಿಸುವುದು. ಮುಂದೆ ರಸ್ತೆ ಸೀನು ಇಳಿಬಿಟ್ಟು ಅದರ ಎದುರಿಗೆ ಹಾಸ್ಯಗಾರ ಜನರನ್ನು ನಗಿಸುತ್ತಿರುವಾಗ ಹಿಂದೆ ಸದ್ದಿಲ್ಲದೆ ದರ್ಬಾರು ಜೋಡಿಸುತ್ತಾರಲ್ಲ, ಆ ಪದ್ಧತಿ ನಿಂತಿರುವುದೇ ಭಾರವಾದ ಸಾಮಾನಿನ ಮೇಲೆ. ನಾಟಕ ಒಂದೇ ಕಡೆ ನಿಲ್ಲುತ್ತದೆ ಅನ್ನುವ ಧೈರ್ಯ ಇದ್ದಾಗ ಮಾತ್ರ 1934ರ ಕುರುಕ್ಷೇತ್ರದಲ್ಲಿ ಮಾಡಿದ ಹಾಗೆ ನಿಜವಾದ ಆನೆ, ಕುದುರೆ ರಂಗಕ್ಕೆ ಹತ್ತಿಸಬಹುದು. ಯೊರುಬಾ ಕಂಪನಿಗಳದು ಒಂದೂರು, ಒಂದು ರಾತ್ರಿ. ಸಂಜೆ ಇಳಿಯಬೇಕು, ಬಾಡಿಗೆ ಹಾಲೋ ಶಾಲೆಯೋ ಹಿಡಿದು ಆಡಬೇಕು, ಮರುದಿನ ಇನ್ನೊಂದೂರು. ಲಾರಿಯಲ್ಲಿ ಜನವೂ ಕೂರಬೇಕು, ಸಾಮಾನೂ ಕೂರಬೇಕು. ಆನೆಯ ಮಾತಿರಲಿ, ದೊಡ್ಡ ಸೀನೇ ಹೊರೆ. ಹಾಗಾಗಿ ಒಗುಂಡೆಯವರು ವೈಭವವನ್ನೆಲ್ಲ ಕುಣಿತಕ್ಕೆ, ಡೋಲಿಗೆ, ಬಟ್ಟೆಗೆ, ಸಾಲಾಗಿ ನಿಂತು ಹಾಡುವ ಹೆಣ್ಣುಮಕ್ಕಳ ದನಿಗೆ ಹಾಕಿದರು. ಆಟದ ಮುಂಚೆ ಒಂದು ಮೇಳದ ಹಾಡು ಕುಣಿತ, ಆಟ ಮುಗಿದ ಮೇಲೆ ಇನ್ನೊಂದು. ಅದಕ್ಕೂ ಕಥೆಗೂ ಸಂಬಂಧ ಇರಲೇಬೇಕಂತಿಲ್ಲ. ನಮ್ಮ ನಾಂದಿ, ಮಂಗಳ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳಕ್ಕೆ ನಮ್ಮ ಜನ ಎದ್ದು ಚಾಪೆ ಸುತ್ತುತ್ತಾರೆ, ಅಲ್ಲಿ ಕೊನೆಯ ಕುಣಿತಕ್ಕೇ ಕೂತಿರುವವರಿದ್ದರು.

ಮಾತು ಬಹುಪಾಲು ಆಶು. ಬರೆದು ಉರು ಹೊಡೆಯುತ್ತಿದ್ದದ್ದು ಹಾಡನ್ನು. ಆ ಹಾಡಿನ ಪುಸ್ತಕವನ್ನು ಅಚ್ಚು ಹಾಕಿಸಿ ಮಾರುತ್ತಿದ್ದರು, ಆಮೇಲೆ ಗ್ರಾಮಫೋನ್ ತಟ್ಟೆಯನ್ನೂ ತಂದರು. ನಮ್ಮ ಕಂಪನಿಗಳೂ ಹಾಡಿನ ಪುಸ್ತಕ ಮಾರಿದವೇ.

ಹಣ ಸೋರುವ ಜಾಗ ಎಲ್ಲ ಕಂಪನಿಗೂ ಮೂರು: ಗೇಟು, ಗಾಡಿ, ನಟಿ. ಗೇಟಿನಲ್ಲಿ ಟಿಕೆಟ್ ಹರಿಯುವವನೂ ದುಡ್ಡು ಎಣಿಸುವವನೂ ಒಬ್ಬನೇ ಆದರೆ ಅರ್ಧ ಹರಿದ ಟಿಕೆಟ್ಟು ಮತ್ತೆ ಕೌಂಟರಿಗೆ ಬರುತ್ತದೆ. ಗಾಡಿ ದಾರಿಯಲ್ಲಿ ನಿಂತರೆ ಅವತ್ತಿನ ಆಟ ಹೋಯಿತು, ಹಾಲಿನ ಬಾಡಿಗೆಯಂತೂ ಕೊಡಲೇಬೇಕು. ನಟಿ ನಡುವೆ ಬಿಟ್ಟು ಹೋದರೆ ಆಕೆ ಕಲಿತ ಅಷ್ಟೂ ನಾಟಕ ಒಂದೇ ಏಟಿಗೆ ನಿಲ್ಲುತ್ತವೆ. ಒಗುಂಡೆಯವರು 1946ರ ಒಂದು ನಾಟಕಕ್ಕೆ ಸಂಬಳದ ನಟಿಯರನ್ನು ಹೆಸರು ಹಾಕಿ ರಂಗಕ್ಕೆ ತಂದರು. ಆ ಕಾಲದ ಲಾಗೋಸಿಗೆ ಅದು ಹೊಸದು, ಮರ್ಯಾದಸ್ಥರ ಮನೆಯವರು ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪುತ್ತಿರಲಿಲ್ಲ. ಕಲಿತವರು ಮದುವೆಯಾಗಿ ಹೊರಟುಬಿಡುತ್ತಿದ್ದರು. ಇದಕ್ಕೆ ಒಗುಂಡೆ ಕಂಡುಕೊಂಡ ದಾರಿ ಜಗತ್ತಿಗೇ ಗೊತ್ತು: ನಟಿಯರನ್ನು ತಾವೇ ಮದುವೆಯಾದರು. ಒಬ್ಬರಲ್ಲ, ಇಬ್ಬರಲ್ಲ, ಹತ್ತಕ್ಕೂ ಹೆಚ್ಚು. ಬಹುಪತ್ನಿತ್ವ ಅಲ್ಲಿ ರೂಢಿಯಲ್ಲಿದ್ದದ್ದೇ. ಹೆಂಡತಿಯರು, ಮಕ್ಕಳು ಸೇರಿ ಕಂಪನಿಯೇ ಸಂಸಾರ, ಸಂಸಾರವೇ ಕಂಪನಿ. ನಮ್ಮ ವೀರಣ್ಣನವರ ಪತ್ನಿ ಬಿ. ಜಯಮ್ಮನವರೂ ಕಂಪನಿಯ ನಾಯಕಿಯೇ. ಹಾಗಾಗಿ ನಾವು ಮೂಗಿನ ಮೇಲೆ ಬೆರಳಿಡುವುದು ಬೇಡ. ಆದರೆ ಇದನ್ನು ಜಾಣತನ ಅಂತ ಹೊಗಳಲೂ ನನಗೆ ಮನಸ್ಸಿಲ್ಲ. ಕಂಪನಿ ಉಳಿದದ್ದು ಆ ಹೆಂಗಸರ ದುಡಿಮೆಯಿಂದ, ಬೋರ್ಡಿನ ಮೇಲಿದ್ದ ಹೆಸರು ಒಂದೇ. ಮೊದಲಿನಿಂದ ಜೊತೆಗಿದ್ದ ಪತ್ನಿ ಅದೆಶೆವಾ 1970ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ದಿನಕ್ಕೊಂದೂರು ಓಡುವ ಕಂಪನಿಗೆ ರಸ್ತೆ ಎಂದೂ ದೂರದ ಅಪಾಯವಾಗಿರಲಿಲ್ಲ.

ಸರ್ಕಾರದ ಜೊತೆ ಜಗಳವೂ ಅವರಿಗೆ ಹೊಸದಲ್ಲ. 1945ರಲ್ಲಿ ತುಟ್ಟಿಭತ್ಯೆಗಾಗಿ ನೈಜೀರಿಯಾದ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದಾಗ ಅದನ್ನೇ ನಾಟಕ ಮಾಡಿದರು. ಉತ್ತರದ ಜೋಸ್ ಪಟ್ಟಣದಲ್ಲಿ ಅದನ್ನು ತಡೆದು ದಂಡ ಹಾಕಿದರು. 1949ರ ನವೆಂಬರ್ 18ರಂದು ಎನುಗುವಿನ ಕಲ್ಲಿದ್ದಲು ಗಣಿಯಲ್ಲಿ ಪೊಲೀಸರು ಗುಂಡು ಹಾರಿಸಿ 21 ಜನ ಸತ್ತರು. ಅದೂ ನಾಟಕವಾಯಿತು, ಅದಕ್ಕೂ ತಡೆ ಬಂತು. ಬ್ರಿಟಿಷರು ಹೋದ ಮೇಲಾದರೂ ಸುಮ್ಮನಾದರೇ ಅಂದರೆ ಇಲ್ಲ. 1964ರಲ್ಲಿ ಪಶ್ಚಿಮ ಪ್ರಾಂತ್ಯದ ಮುಖ್ಯಸ್ಥ ಅಕಿಂತೊಲಾ ಅವರ ಕಡೆಯವರ ಸಮಾರಂಭಕ್ಕೆ ನಾಟಕ ಆಡಲು ಕರೆದರು. ಒಗುಂಡೆ ಆಡಿದ್ದು ‘ಯೊರುಬಾ ರೊನು’, ಅಂದರೆ ಯೊರುಬಾ ಜನರೇ, ಯೋಚಿಸಿ. ತನ್ನವರಿಗೇ ದ್ರೋಹ ಬಗೆದ ರಾಜನ ಕಥೆ. ಕರೆದವರಿಗೆ ತಿವಿದದ್ದು ಎಲ್ಲಿಗೆ ಅಂತ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ.

ಕಂಪನಿಯನ್ನೇ ಪ್ರಾಂತ್ಯದಿಂದ ನಿಷೇಧಿಸಿದರು. ಇದರ ಪೆಟ್ಟು ಎಷ್ಟು ಅನ್ನುವುದಕ್ಕೆ ನಕ್ಷೆ ನೋಡಬೇಕು. ಇಬಾದಾನ್, ಅಬೆಒಕುಟಾ, ಇಜೆಬು, ಅವರ ಸ್ವಂತ ಊರು, ಯೊರುಬಾ ಅರ್ಥವಾಗುವ ಪ್ರೇಕ್ಷಕರ ಬಹುಭಾಗ ಎಲ್ಲವೂ ಆ ಪ್ರಾಂತ್ಯದ ಒಳಗೆ. ಲಾಗೋಸ್ ಮಾತ್ರ ಆಗ ಕೇಂದ್ರದ ಆಡಳಿತದಲ್ಲಿದ್ದದ್ದರಿಂದ ಅಲ್ಲಿ ಆಡಬಹುದಿತ್ತು. ಹಳೆ ಮೈಸೂರಿನಾದ್ಯಂತ ಆಟ ಬಂದ್, ಬೆಂಗಳೂರು ಪೇಟೆಯೊಂದರಲ್ಲಿ ಆಡಿಕೋ ಅಂದರೆ ಗುಬ್ಬಿ ಕಂಪನಿ ಏನಾಗುತ್ತಿತ್ತು? ಒಗುಂಡೆ ಕ್ಷಮೆ ಕೇಳಲಿಲ್ಲ, ಬದಲಿಗೆ ‘ಸತ್ಯ ಕಹಿ’ ಅನ್ನುವ ಅರ್ಥದ ಇನ್ನೊಂದು ನಾಟಕ ಹೂಡಿದರು. 1966ರ ಜನವರಿಯ ಸೈನಿಕ ದಂಗೆಯಲ್ಲಿ ಅಕಿಂತೊಲಾ ಕೊಲೆಯಾದರು. ಆಮೇಲೆ ಬಂದ ಸೈನಿಕ ಆಡಳಿತ ಫೆಬ್ರವರಿಯಲ್ಲಿ ನಿಷೇಧ ತೆಗೆಯಿತು.

ಇನ್ನು ಸಿನಿಮಾ. ನಮ್ಮಲ್ಲಿ ಕಂಪನಿಯವರು ಸಿನಿಮಾಕ್ಕೆ ಬೇಗ ಹೋದರು. ವೀರಣ್ಣನವರು ಮೂಕಿ ಕಾಲದಲ್ಲೇ ಕೈ ಹಾಕಿದ್ದರು. 1954ರ ಬೇಡರ ಕಣ್ಣಪ್ಪನ ಹೊತ್ತಿಗೆ ರಂಗದಲ್ಲಿ ಪಳಗಿದ ರಾಜ್‌ಕುಮಾರ್, ನಮ್ಮ ತಿಪಟೂರಿನ ನರಸಿಂಹರಾಜು ತೆರೆಗೆ ದಾಟಿಯಾಗಿತ್ತು. ಸಿನಿಮಾ ಕಂಪನಿಯ ನಟರನ್ನು ಎಳೆದುಕೊಂಡಿತು, ಕಂಪನಿಗಳು ಸೊರಗಿದವು. ನೈಜೀರಿಯಾದಲ್ಲಿ ಟಾಕೀಸು ಲೆಬನಾನ್ ಮೂಲದವರ, ಭಾರತ ಮೂಲದವರ ಕೈಯಲ್ಲಿ. ಅಲ್ಲಿ ಓಡುತ್ತಿದ್ದದ್ದು ಹೊರಗಿನ ಚಿತ್ರ, ಅದರಲ್ಲೂ ಉತ್ತರದ ಕಾನೊ ಕಡೆ ನಮ್ಮ ಹಿಂದಿ ಚಿತ್ರಗಳೆಂದರೆ ಪ್ರಾಣ. ಊರಿನವನು ಚಿತ್ರ ಮಾಡಿದರೂ ಟಾಕೀಸು ಸಿಗುವ ನೆಚ್ಚಿಕೆ ಇಲ್ಲ. ಹೀಗಾಗಿ 1970ರ ದಶಕದಲ್ಲಿ ನಾಟಕ ಕಂಪನಿಯೇ ಸಿನಿಮಾವನ್ನು ಲಾರಿಗೆ ಹಾಕಿಕೊಂಡು ಹೊರಟಿತು. ಪ್ರೊಜೆಕ್ಟರ್ ತಮ್ಮದೇ, ರೀಲು ತಮ್ಮದೇ, ಗೇಟಿಗೆ ತಮ್ಮದೇ ಜನ. ರೀಲನ್ನು ಬೇರೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹಾಸ್ಯಗಾರ ಮೋಸೆಸ್ ಒಲಾಯಾ ಉದಾಹರಣೆ. ‘ಬಾಬಾ ಸಾಲಾ’ ಅಂತ ಮನೆಮಾತಾದವರು. 1982ರ ಅವರ ಚಿತ್ರದ ಕಳ್ಳ ವಿಡಿಯೊ ಪ್ರತಿ ಬೀದಿಗೆ ಬಂದು, ಹಾಕಿದ ಬಂಡವಾಳವೆಲ್ಲ ಮುಳುಗಿತು.

ಒಗುಂಡೆಯವರ ಮೊದಲ ಚಿತ್ರ ‘ಆಯೆ’, 1979. ನಿರ್ದೇಶನ ಓಲಾ ಬಾಲೊಗುನ್. 1980ರಲ್ಲಿ ‘ಜಾಯೆಸಿಮಿ’, 1982ರಲ್ಲಿ ‘ಅರೊಪಿನ್ ನ್ತೆನಿಯಾ’, 1988ರಲ್ಲಿ ‘ಅಯಾನ್ಮೊ’. ಮೊದಲೆರಡರಲ್ಲಿ ಅವರದು ಮಾಟಗಾತಿಯರ ಎದುರು ನಿಲ್ಲುವ ನಾಟಿ ವೈದ್ಯ, ಪುರೋಹಿತನ ಪಾತ್ರ. ಮಂತ್ರ ಹಾಕುವಾಗ ಅವರನ್ನು ಗಮನಿಸಿ. ಕಾಲು ಅಗಲಿಸಿ ನೆಲಕ್ಕೆ ಊರಿ, ಎದೆ ನೇರ ಕ್ಯಾಮೆರಾಗೆ ಕೊಟ್ಟು, ಕೊನೆಯ ಸಾಲಿನವನಿಗೂ ಕೇಳಲಿ ಅನ್ನುವ ಹಾಗೆ ಉಸಿರು ಕಟ್ಟಿ ಬಿಡುತ್ತಾರೆ. ಇದನ್ನು ಅತಿನಟನೆ ಅನ್ನುವವರು ನಮ್ಮೂರ ದುರ್ಯೋಧನನ ಪ್ರವೇಶವನ್ನು ಒಮ್ಮೆ ಎದುರಿಗೆ ಕೂತು ನೋಡಬೇಕು. ಆ ನಟನೆಯ ಅಳತೆಗೋಲೇ ಬೇರೆ.

ಮಾಯವಾಗುವುದು, ರೂಪ ಬದಲಿಸುವುದು ಈ ಚಿತ್ರಗಳ ದೊಡ್ಡ ಆಕರ್ಷಣೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕಿದ್ದ ಸರಳ ಉಪಾಯವೆಂದರೆ ಕ್ಯಾಮೆರಾ ನಿಲ್ಲಿಸುವುದು. ಸ್ಟ್ಯಾಂಡನ್ನು ಬಿಗಿಯಾಗಿ ಊರಿ ಓಡಿಸು, ಹೇಳಿದ ಕ್ಷಣಕ್ಕೆ ಎಲ್ಲರೂ ಕಲ್ಲಾಗಿ ನಿಲ್ಲಬೇಕು, ಕ್ಯಾಮೆರಾ ನಿಲ್ಲಿಸು, ಮಾಯವಾಗಬೇಕಾದವರು ಆಚೆ ನಡೆಯಲಿ, ಮತ್ತೆ ಓಡಿಸು. ಕೇಳಲು ಸುಲಭ. ಕೆಡುವುದು ಸಣ್ಣ ಕಡೆ: ಸ್ಟ್ಯಾಂಡ್ ಕೂದಲೆಳೆಯಷ್ಟು ಅಲುಗಿದರೂ ಇಡೀ ಚಿತ್ರ ಜಿಗಿಯುತ್ತದೆ; ಮೋಡ ಸರಿದರೆ ಬೆಳಕು ಬದಲಾಗಿ ಕಣ್ಣಿಗೆ ಹೊಡೆಯುತ್ತದೆ; ಪಕ್ಕದವನು ಎತ್ತಿದ ಕೈ ಇಳಿಸಿಬಿಟ್ಟರೆ ಗುಟ್ಟು ರಟ್ಟು. ಬಣ್ಣದ ರೀಲು ತೊಳೆಯಲು ಹೊರದೇಶಕ್ಕೇ ಕಳಿಸಬೇಕಾಗಿದ್ದದ್ದರಿಂದ ತಪ್ಪು ಗೊತ್ತಾಗುವ ಹೊತ್ತಿಗೆ ವೇಷ ಕಳಚಿ ಎಲ್ಲರೂ ಚದುರಿರುತ್ತಿದ್ದರು. 1986ರಲ್ಲಿ ನೈಜೀರಿಯಾದ ನೈರಾ ಬೆಲೆ ಕುಸಿದ ಮೇಲೆ ರೀಲು, ತೊಳೆಯುವ ಖರ್ಚು ಎರಡೂ ಕೈಗೆಟುಕದಾದವು.

ಅದೇ ಹೊತ್ತಿಗೆ ಸರ್ಕಾರ ರಾಷ್ಟ್ರೀಯ ರಂಗತಂಡ ಕಟ್ಟಿಕೊಡಿ ಅಂತ ಒಗುಂಡೆಯವರನ್ನೇ ಕರೆಯಿತು. ಹಿಂದೆ ನಿಷೇಧಿಸಿದ್ದೂ ಸರ್ಕಾರವೇ, ಇರಲಿ. ಕೊನೆಯ ಪಾತ್ರ ಬ್ರೂಸ್ ಬೆರೆಸ್ಫೋರ್ಡ್ ನಿರ್ದೇಶನದ ‘ಮಿಸ್ಟರ್ ಜಾನ್ಸನ್’ನಲ್ಲಿ. 1990ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ, 1992ರಲ್ಲಿ, ಕ್ಯಾಸೆಟ್ ವ್ಯಾಪಾರಿ ಕೆನೆತ್ ನ್ನೆಬುವೆ ನೇರವಾಗಿ ವಿಡಿಯೊದಲ್ಲೇ ತೆಗೆಸಿದ ಇಗ್ಬೊ ಭಾಷೆಯ ಚಿತ್ರ ಅಂಗಡಿಗಳಲ್ಲಿ ಬಿಸಿಬಿಸಿ ಮಾರಾಟವಾಯಿತು. ಹಾಲಿನ ಬಾಡಿಗೆ, ಗೇಟಿನ ಕಾವಲು, ರೀಲು ತೊಳೆಯಲು ಲಂಡನ್, ಯಾವುದೂ ಬೇಕಾಗಲಿಲ್ಲ.

ಒಗುಂಡೆಯವರನ್ನು ನೋಡಬೇಕೆನ್ನುವವರು ‘ಮಿಸ್ಟರ್ ಜಾನ್ಸನ್’ನಿಂದ ಶುರು ಮಾಡಬೇಡಿ. ಅದು ಇಂಗ್ಲಿಷ್ ಚಿತ್ರ, ಅವರದು ನಾಯಕಿಯ ತಂದೆಯ ಚಿಕ್ಕ ಪಾತ್ರ. ಅದೊಂದನ್ನೇ ನೋಡಿದರೆ ಇವರಲ್ಲಿ ಅಂಥದ್ದೇನಿದೆ ಅನ್ನಿಸುತ್ತದೆ. ‘ಆಯೆ’ ಅಥವಾ ‘ಜಾಯೆಸಿಮಿ’ ಸಿಕ್ಕರೆ ಮೊದಲು ಅದನ್ನು ನೋಡಿ. ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, ಡೋಲು ಯಾವಾಗ ಮಾತಿನ ಬೆನ್ನು ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಅಂತ ಕಿವಿಗೊಡಿ. ರಾತ್ರಿಯಿಡೀ ಕೂತು ಪೌರಾಣಿಕ ನಾಟಕ ನೋಡಿದ ಕಿವಿಗೆ ಅಷ್ಟು ಸಿಕ್ಕೇ ಸಿಗುತ್ತದೆ.