ಬಾರ್ಸಿಲೋನಾದಲ್ಲಿ ಅಮ್ಮನಿಗೆ ತಿಂಡಿ ಹುಡುಕಿದ್ದು

18 ಫೆಬ್ರವರಿ 2024, ಭಾನುವಾರ
ರಾತ್ರಿ 9:40, ಬಾರ್ಸಿಲೋನಾ ಏರ್‌ಪೋರ್ಟು

ಫ್ಲೈಟು ಲೇಟು. ಅಮ್ಮ ಕುರ್ಚಿ ಮೇಲೇ ಶಾಲು ಹೊದ್ಕೊಂಡು ನಿದ್ದೆ ಹೋಗಿದಾಳೆ, ನಮ್ಮನೆಯವರು ಚಾರ್ಜಿಂಗ್ ಪಾಯಿಂಟ್ ಹುಡುಕ್ತೀನಿ ಅಂತ ಹೋದೋರು ಇನ್ನೂ ಪತ್ತೆ ಇಲ್ಲ. ಅಕ್ಕ, ಭಾವ, ಪುಟ್ಟಿ ಸಾಯಂಕಾಲಾನೇ ಮ್ಯೂನಿಕ್‌ಗೆ ಹೊರಟ್ರು, ಡಬ್ಲಿನ್ನಿಂದ ಬಂದಿರೋ ಗಂಡ ಹೆಂಡ್ತಿ ಜೋಡಿ ನಾಳೆವರೆಗೂ ಇರ್ತಾರೆ. ಮನೆಗೆ ಹೋದ್ಮೇಲೆ ಬರೀತೀನಿ ಅಂದ್ರೆ ಯಾವತ್ತೂ ಬರಿಯಲ್ಲ, ಹಾಗಾಗಿ ಇಲ್ಲೇ ಕೂತು ಟೈಪ್ ಮಾಡ್ತಿದೀನಿ.

ಒಟ್ಟು ಎಂಟು ಜನ. ಪುಟ್ಟಿಗೆ ಫಾಶಿಂಗ್ ಅನ್ನೋ ಜರ್ಮನ್ ಕಾರ್ನಿವಲ್ ಹಬ್ಬದ ರಜ, ಅಮ್ಮ ಮೈಸೂರಿಂದ ನಾವಿರೋ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು, ಅಲ್ಲಿನ ಚಳಿಗೆ ಮೂರು ವಾರದಿಂದ ಮನೆ ಬಿಟ್ಟು ಆಚೆ ಬಂದಿರ್ಲಿಲ್ಲ, ಅದೂ ಅಲ್ದೆ ಮುಂದಿನ ವಾರ ಇಲ್ಲಿ ಮೊಬೈಲ್ ಕಾಂಗ್ರೆಸ್ ಅನ್ನೋ ಮೊಬೈಲ್ ಕಂಪನಿಗಳ ದೊಡ್ಡ ಮೇಳ ಶುರುವಾದ್ರೆ ಹೋಟೆಲ್ ರೇಟು ಕೇಳೋ ಹಾಗೇ ಇರಲ್ಲ ಅಂತ ಈ ವೀಕೆಂಡೇ ಫಿಕ್ಸ್ ಆಯ್ತು. ಹೋಟೆಲ್ಲು ಅಕ್ಕ ನೋಡ್ಕೊಂಡ್ಲು, ಟಿಕೆಟ್ಟು ಭಾವ. ಶನಿವಾರ ಭಾನುವಾರದ ಬ್ರಂಚ್ (ತಿಂಡಿ ಊಟ ಎರಡೂ ಸೇರಿಸಿ ತಿನ್ನೋದು) ಎಲ್ಲಿ ಅನ್ನೋ ಡಿಪಾರ್ಟ್‌ಮೆಂಟು ನಂಗೆ ಬಂತು, ಬಂತು ಏನು, ನಾನೇ ಕೈ ಎತ್ತಿ ತಗೊಂಡೆ.

ತಗೊಂಡ್ಮೇಲೆ ಗೊತ್ತಾಯ್ತು ಕಷ್ಟ. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಡಬ್ಲಿನ್ನವನು ಹಂದಿ ತಿನ್ನಲ್ಲ, ಅವನ ಹೆಂಡ್ತಿಗೆ ಕಾಫಿ ಚೆನ್ನಾಗಿರ್ಬೇಕು ಮತ್ತೆ ಕಿಟಕಿ ಪಕ್ಕ ಬೆಳಕು ಚೆನ್ನಾಗಿರ್ಬೇಕು (ಫೋಟೋಗೆ, ಬೇರೇನಕ್ಕೂ ಅಲ್ಲ). ಪುಟ್ಟಿಗೆ ಪ್ಯಾನ್‌ಕೇಕು. ಭಾವನವರಿಗೆ 'ಲೋಕಲ್' ಆಗಿರೋದೇ ಬೇಕು, ಬೀಚ್ ಪಕ್ಕದ ಬಾರ್ಸಿಲೋನೆಟಾ ಏರಿಯಾದಲ್ಲಿ 1944ರಿಂದ ಇರೋ, ಬಾಗ್ಲ ಮೇಲೆ ಬೋರ್ಡೇ ಇಲ್ಲದ ಲಾ ಕೋವಾ ಫುಮಾದಾ ಅನ್ನೋ ಜಾಗದ ಬೋಂಬಾ, ಅಂದ್ರೆ ನಮ್ಮ ಆಲೂ ಬೋಂಡಾ ಒಳಗೆ ಮಾಂಸ ಇಟ್ಟ ಹಾಗೆ, ಅದನ್ನ ತಿನ್ನದೆ ವಾಪಸ್ ಬರಲ್ಲ ಅಂತ. ಅಕ್ಕನಿಗೆ ಮುಂಚೇನೇ ಟೇಬಲ್ ಬುಕ್ ಆಗಿರ್ಬೇಕು. ನಮ್ಮನೆಯವರು 'ಎಲ್ಲಿಗಾದ್ರೂ ಸರಿ' ಅಂದ್ರು, ಈ ಎಲ್ಲಿಗಾದ್ರೂ ಸರಿ ಅನ್ನೋರಷ್ಟು ಅಪಾಯದ ಜನ ಇನ್ನೊಬ್ರಿಲ್ಲ, ಹೋದ್ಮೇಲೆ ಶುರುವಾಗುತ್ತೆ ಅವರದ್ದು. ವಾಟ್ಸಾಪಲ್ಲಿ ಐದು ಜಾಗ ಹಾಕಿ ಪೋಲ್ ಮಾಡಿದ್ರೆ ಐದಕ್ಕೂ ಒಂದೊಂದು ವೋಟು ಬಿತ್ತು, ಪುಟ್ಟಿ ಅಮ್ಮನ ಫೋನಿಂದ ಎರಡು ಸಲ ಒತ್ತಿ ಅದನ್ನೂ ಕೆಡಿಸಿದ್ಲು.

ಸರಿ, ನನ್ನ ಜಂಭದ ವಿಷಯಕ್ಕೆ ಬರ್ತೀನಿ. ಆವಕಾಡೊ ಟೋಸ್ಟು ಐಂಡ್‌ಹೋವನ್‌ನಲ್ಲೂ ಸಿಗುತ್ತೆ ಇಂದಿರಾನಗರದಲ್ಲೂ ಸಿಗುತ್ತೆ, ಅದನ್ನ ತಿನ್ನಕ್ಕೆ ಇಷ್ಟು ದೂರ ಯಾಕೆ ಬರ್ಬೇಕು ಅನ್ನೋದು ನನ್ನ ವಾದ. ಓದಿ ಓದಿ ಒಂದು ವಿಷಯ ಹಿಡ್ಕೊಂಡಿದ್ದೆ. ಕತಲಾನ್ ಜನಕ್ಕೆ, ಅಂದ್ರೆ ಬಾರ್ಸಿಲೋನಾ ಸುತ್ತಿನ ಈ ಸೀಮೆಯೋರಿಗೆ, ಬ್ರಂಚ್ ಅನ್ನೋ ಇಂಗ್ಲಿಷ್ ಪದ ಬರೋ ಮುಂಚೆಯಿಂದಾನೂ ಅವರದ್ದೇ ಒಂದಿದೆ, ಎಸ್ಮೊರ್ಜಾರ್ ದೆ ಫೊರ್ಕಿಲ್ಯಾ, ಅಂದ್ರೆ ಫೋರ್ಕ್ ಹಿಡಿದು ತಿನ್ನೋ ತಿಂಡಿ. ಬೆಳಗಾಗೋಕೆ ಮುಂಚೆ ಹೊಲಕ್ಕೋ ಮಾರ್ಕೆಟ್ಟಿಗೋ ಹೋದೋರು ಒಂಬತ್ತು ಹತ್ತು ಗಂಟೆಗೆ ಹಸಿದು ಬಂದು ಕೂತು ಮಾಡ್ತಿದ್ದ ಗಟ್ಟಿ ಊಟ. ಬಿಳಿ ಬೀನ್ಸ್ ಕಾಳಿನ ಜೊತೆ ಬುಟಿಫಾರಾ ಅನ್ನೋ ಸಾಸೇಜು, ಒಣಮೀನಿನ ಬಕಲಾವ್, ಕರುವಿನ ತಲೆ ಕಾಲು ಬೇಯಿಸಿದ ಕಾಪ್ ಇ ಪೋತ, ಜೊತೆಗೆ ವೈನು, ಬೆಳಿಗ್ಗೆ ಹತ್ತಕ್ಕೆ! ಇದೇ ನಿಜವಾದ ಬ್ರಂಚು ಅಂತ ಗ್ರೂಪಲ್ಲಿ ಉದ್ದಕ್ಕೆ ಮೆಸೇಜ್ ಹಾಕಿದ್ದೆ, ಭಾವ ಮೂರು ಬೆಂಕಿ ಎಮೋಜಿ ಹಾಕಿದ್ರು. ಆ ಲಿಸ್ಟಲ್ಲಿ ಅಮ್ಮ ತಿನ್ನೋದು ಒಂದಾದ್ರೂ ಇದ್ಯಾ ಅಂತ ನಾನು ನೋಡ್ಲೇ ಇಲ್ಲ. ಏನೋ ಒಂದು ಸಿಗುತ್ತೆ ಬಿಡು ಅಂದ್ಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಐದೂವರೆಗೆ ಅಮ್ಮ ಎದ್ದು ಸ್ನಾನ ಮಾಡಿ ಮಂಚದ ತುದೀಲಿ ಕೂತಿದ್ಲು. ಉಳಿದೋರೆಲ್ಲಾ ಗೊರಕೆ. ಏಳೂವರೆಗೆ ನಾನೂ ಅವಳೂ ಕೆಳಗಿಳಿದು ಮೂಲೆ ಮೇಲಿದ್ದ ಒಂದು ಬಾರ್‌ಗೆ ಹೋದ್ವಿ, ಬಾರ್ ಅಂದ್ರೆ ಇಲ್ಲಿ ಕಾಫಿ ಅಂಗಡೀನೂ ಹೌದು, ಅಮ್ಮನಿಗೆ ಅದನ್ನ ನಂಬಿಸೋದೇ ಒಂದು ಕೆಲಸ ಆಯ್ತು. ಕೊರ್ತಾದೊ ಹೇಳಿದೆ, ಅಂದ್ರೆ ಸ್ವಲ್ಪ ಹಾಲು ಹಾಕಿದ ಸ್ಟ್ರಾಂಗ್ ಕಾಫಿ, ಪುಟ್ಟ ಗಾಜಿನ ಲೋಟದಲ್ಲಿ ಬಂತು, ನಮ್ಮ ಬೈ ಟೂ ಕಾಫಿ ಅಳತೆ. ಅಮ್ಮ ಒಂದು ಗುಟುಕು ಕುಡಿದು 'ಚಿಕೋರಿ ಇಲ್ಲ, ಆದ್ರೂ ಪರವಾಗಿಲ್ಲ' ಅಂದ್ಲು, ಅವಳ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು. ಸುತ್ತ ನಾಲ್ಕೈದು ಜನ ಮುದುಕ್ರು ಪೇಪರ್ ಓದ್ತಾ ನಿಂತ್ಕೊಂಡೇ ಕಾಫಿ ಕುಡೀತಿದ್ರು, ಒಬ್ಬ ಕಾಫಿಗೇ ಬ್ರ್ಯಾಂಡಿ ಹಾಕಿಸ್ಕೊಂಡ, ಅದನ್ನ ಅಮ್ಮನಿಗೆ ಹೇಳ್ಲಿಲ್ಲ. ತಿಂಡಿ ಯಾವಾಗ ತಿಂತಾರೆ ಇವ್ರು ಅಂತ ಕೇಳಿದ್ಲು, ಹತ್ತಕ್ಕೆ ಅಂದೆ, ಊಟ ಎರಡಕ್ಕೆ ಅಂದೆ. 'ಮತ್ತೆ, ನಮ್ಮ ಥರಾನೇ ಅಲ್ವೇನೇ. ಎದ್ದ ತಕ್ಷಣ ಕಾಫಿ, ಆಮೇಲೆ ಕೆಲಸ, ಆಮೇಲೆ ತಿಂಡಿ. ಅದಕ್ಯಾಕೆ ಎರಡು ವಾರದಿಂದ ಬ್ರಂಚು ಬ್ರಂಚು ಅಂತ ಒದ್ದಾಡ್ತಿದ್ಯ?'

ಹತ್ತೂವರೆಗೆ ಎಂಟೂ ಜನ ನಾನು ಆರಿಸಿದ್ದ ಜಾಗಕ್ಕೆ ಹೋದ್ವಿ. ಹೆಸರು ಬೇಡ, ತಪ್ಪು ನಂದು ಅವರದ್ದಲ್ಲ. ಅಮೃತಶಿಲೆ ಟೇಬಲ್ಲು, ಗೋಡೆ ತುಂಬಾ ವೈನ್ ಪೀಪಾಯಿ, ಮೆನು ಇಲ್ಲ, ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಕತಲಾನ್ ಬರಹ. ಭಾವ ಕಾಪ್ ಇ ಪೋತ ತರಿಸ್ಕೊಂಡು 'ಥೇಟ್ ಕಾಲು ಸೂಪು ಕಣಮ್ಮ, ಸ್ವಲ್ಪ ಅಂಟು ಜಾಸ್ತಿ' ಅಂತ ತಲೆ ಎತ್ತದೆ ತಿಂದ್ರು. ಡಬ್ಲಿನ್ನವನು ಬಕಲಾವ್ ತಿಂದ. ಅಮ್ಮನಿಗೆ ಅಂತ ನಾನು ಜಾಣೆ ಥರ 'ಬೆಜೆತಾಲ್' ಸ್ಯಾಂಡ್‌ವಿಚ್ ಹೇಳಿದೆ, ವೆಜಿಟಲ್ ಅಂದ್ಮೇಲೆ ತರಕಾರಿನೇ ತಾನೇ. ಬಂತು. ಅಮ್ಮ ಬ್ರೆಡ್ಡಿನ ಮೇಲ್ಭಾಗ ಎತ್ತಿ ಒಳಗೆ ನೋಡಿದ್ಲು, ಲೆಟಿಸ್ಸು, ಟೊಮೇಟೊ, ಬೇಯಿಸಿದ ಮೊಟ್ಟೆ ಹೋಳು, ಮೇಲೆ ಟ್ಯೂನಾ ಮೀನು. ಮೆಲ್ಲಗೆ ಮುಚ್ಚಿ, ತಟ್ಟೆಯನ್ನ ಎರಡು ಬೆರಳಲ್ಲಿ ನನ್ನ ಕಡೆ ತಳ್ಳಿದ್ಲು. ಏನೂ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.

ಸ್ಪೇನಲ್ಲಿ ಇದು ಮಾಮೂಲಂತೆ, ಬೆಜೆತಾಲ್ ಅಂದ್ರೆ ತರಕಾರಿ ಇದೆ ಅಂತ ಅಷ್ಟೇ, ಬೇರೇನೂ ಇಲ್ಲ ಅಂತ ಅಲ್ಲ. ಕಾರ್ನೆ (ಮಾಂಸ) ಬೇಡ ಅಂದ್ರೂ ಸಾಲ್ದು, ಹಾಮೋನ್ ಅಂದ್ರೆ ಹಂದಿ ತೊಡೆ, ಅದನ್ನ ಮಾಂಸದ ಲೆಕ್ಕಕ್ಕೇ ಹಿಡಿಯದೋರು ಇದಾರೆ. ಅಕ್ಕ ಅಲ್ಲೇ ಕತಲಾನ್‌ನಲ್ಲಿ ಒಂದು ಚೀಟಿ ಬರೆದು ಅಮ್ಮನ ಪರ್ಸಲ್ಲಿಟ್ಲು: ಸೆನ್ಸೆ ಕಾರ್ನ್, ಸೆನ್ಸೆ ಪೆಶ್, ಸೆನ್ಸೆ ಪರ್ನಿಲ್, ಸೆನ್ಸೆ ಓವು. ಮಾಂಸ ಬೇಡ, ಮೀನು ಬೇಡ, ಹ್ಯಾಮ್ ಬೇಡ, ಮೊಟ್ಟೆ ಬೇಡ. ಸಾಯಂಕಾಲದ ಹೊತ್ತಿಗೆ ಅಮ್ಮನಿಗೆ ಬಾಯಿಪಾಠ ಆಗಿತ್ತು, ಸಹಸ್ರನಾಮದ ರಾಗದಲ್ಲಿ ಹೇಳ್ತಿದ್ಲು.

ಕೊನೆಗೆ ಆ ಟೇಬಲ್ಲಲ್ಲಿ ಅವಳ ಪಾಲಿಗೆ ಉಳಿದಿದ್ದು ಪಾ ಅಂ ತುಮಾಕೆಟ್. ಸುಟ್ಟ ಬ್ರೆಡ್ಡಿಗೆ ಟೊಮೇಟೊ ಹಣ್ಣನ್ನ ಅರ್ಧ ಕತ್ತರಿಸಿ ಗಸಗಸ ಅಂತ ಉಜ್ಜೋದು, ತಿರುಳೆಲ್ಲಾ ಬ್ರೆಡ್ಡಿಗೆ ಹತ್ತಿ ಕೈಯಲ್ಲಿ ಬರೀ ಸಿಪ್ಪೆ ಉಳಿಯೋವರೆಗೂ, ಮೇಲೆ ಉಪ್ಪು, ಆಲಿವ್ ಎಣ್ಣೆ ಧಾರಾಳವಾಗಿ. ಅಮ್ಮ ಒಂದು ತುಂಡು ತಿಂದು, ಎಣ್ಣೆ ನೋಡಿ, ಬ್ಯಾಗಿಗೆ ಕೈ ಹಾಕಿ ಚಟ್ನಿಪುಡಿ ಡಬ್ಬಿ ತೆಗೆದ್ಲು! ಏರ್‌ಪೋರ್ಟ್ ಸ್ಕ್ಯಾನರ್ ದಾಟಿ ಬಂದಿರೋ ಡಬ್ಬಿ. ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಹುಣಸೆ, ಬೆಲ್ಲ, ಆ ಟೊಮೇಟೊ ಎಣ್ಣೆ ಬ್ರೆಡ್ಡಿನ ಮೇಲೆ ಉದುರಿಸಿದ್ರೆ, ನಾನು ಸುಳ್ಳು ಹೇಳ್ತಿಲ್ಲ, ಇಡೀ ಟೇಬಲ್ಲಲ್ಲಿ ಅದೇ ಚೆನ್ನಾಗಿತ್ತು. ಎಲ್ರೂ ಕೈ ಚಾಚಿದ್ರು. ಬಾರಿನವನು ಬಗ್ಗಿ ನೋಡಿ ಬೆರಳ ತುದೀಲಿ ರುಚಿ ನೋಡ್ದ, ಇಂಗಿಗೆ ಮುಖ ಒಂದು ಥರ ಮಾಡ್ದ, ಆಮೇಲೆ ಇನ್ನೊಂದು ಚಿಟಿಕೆ ತಗೊಂಡ. ಅಮ್ಮ ಪೇಪರ್ ನ್ಯಾಪ್ಕಿನ್ನಲ್ಲಿ ಎರಡು ಚಮಚ ಪೊಟ್ಟಣ ಕಟ್ಟಿ ಕೊಟ್ಟೇಬಿಟ್ಲು.

ಮಧ್ಯಾಹ್ನ ಪ್ರಾಯಶ್ಚಿತ್ತಕ್ಕೆ ಅವಳೊಬ್ಬಳನ್ನೇ ಗ್ರಾಂಜಾ ವಿಯಾಡರ್‌ಗೆ ಕರ್ಕೊಂಡು ಹೋದೆ. ಗ್ರಾಂಜಾ ಅಂದ್ರೆ ಫಾರ್ಮ್ ಅಂತ ಅರ್ಥ, ಇಲ್ಲಿ ಹಾಲಿನ ತಿಂಡಿ ಅಂಗಡಿಗೆ ಹಾಗಂತಾರೆ, ಊರೊಳಗೇ ಹಸು ಕಟ್ಟಿ ಹಾಲು ಮಾರ್ತಿದ್ದ ಕಾಲದ್ದು. ಇದು 1870ರಿಂದ ಇದೆ, ಇಲ್ಲಿ ಮಕ್ಕಳೆಲ್ಲಾ ಕುಡಿಯೋ ಕಕಾವೊಲಾಟ್ ಅನ್ನೋ ಚಾಕೊಲೇಟ್ ಹಾಲು ಈ ಮನೆಯವರದ್ದೇ ಶೋಧನೆ. ಮಾತೋ ತಗೊಂಡ್ವಿ, ಉಪ್ಪಿಲ್ಲದ ಹಸಿ ಚೀಸು, ಮೇಲೆ ಜೇನುತುಪ್ಪ. ಅಮ್ಮ ಗಿಣ್ಣು ಗಿಣ್ಣು ಅಂತ ಕಣ್ಣರಳಿಸಿದ್ಲು. ಹಾಲು ಒಡಿಸೋಕೆ ಕರುವಿನ ಹೊಟ್ಟೆಯಿಂದ ತೆಗೆಯೋ ರೆನೆಟ್ ಹಾಕ್ತಾರೆ ಅನ್ನೋದನ್ನ ನಾನು ಬಾಯಿ ಬಿಟ್ಟಿಲ್ಲ, ಅಕ್ಕ ನೀನೂ ಬಿಡ್ಬೇಡ. ಪಕ್ಕದ ಟೇಬಲ್ಲಿನ ಎನ್ಸೈಮಾದಾ ಬನ್ ಚೆನ್ನಾಗಿ ಕಾಣ್ತಿತ್ತು, ಆದ್ರೆ ಅದರ ಹೆಸರಲ್ಲಿರೋ 'ಸೈಮ್' ಅಂದ್ರೇನೇ ಹಂದಿ ಕೊಬ್ಬು. ಅಷ್ಟು ಕಲಿತಿದ್ದೆ ಅಷ್ಟೊತ್ತಿಗೆ.

ಆಮೇಲೆ ಬೀಚು. ಅಲ್ಲಿ ಶವರ್‌ಗಳಿಗೆ ನೀರಿರ್ಲಿಲ್ಲ, 2024ರ ಫೆಬ್ರವರಿ 1ಕ್ಕೆ ಇಲ್ಲಿ ಬರಗಾಲದ ಎಮರ್ಜೆನ್ಸಿ ಘೋಷಣೆ ಆಗಿತ್ತು, ಜಲಾಶಯಗಳು ಶೇಕಡಾ 16ಕ್ಕಿಂತ ಕೆಳಗೆ ಇಳಿದಿದ್ವು. ಬೆಂಗ್ಳೂರಲ್ಲಿ ಚಿಕ್ಕಮ್ಮ ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದಾಳೆ ಅಂತ ಅಮ್ಮ ಹೋಟೆಲ್ಲಲ್ಲಿ ನಲ್ಲಿ ಬಿಗಿಯಾಗಿ ಮುಚ್ಚಿದ್ದೇ ಮುಚ್ಚಿದ್ದು.

ಇವತ್ತು ಭಾನುವಾರ. ಇವತ್ತಿನ ಲಿಸ್ಟು ಓಪನ್ ಮಾಡಿದ್ರೆ ಅಕ್ಕನ ಬೊಕೆರಿಯಾ ಮಾರ್ಕೆಟ್ಟಿಗೆ ಭಾನುವಾರ ರಜ, ಭಾವನ ಬೋಂಬಾ ಅಂಗಡಿಗೂ ಭಾನುವಾರ ರಜ. ಭಾವ ಹೋಟೆಲ್ ಲಾಬೀಲಿ ಮೌನವಾಗಿ ನಿಂತ್ರು. ಬೇರೆ ದಾರಿ ಇಲ್ದೆ ನಾನು ಎರಡು ವಾರದಿಂದ ಬಯ್ತಿದ್ದ ಬ್ರಂಚ್ ಕೆಫೆಗೇ, ಸಾಂತ್ ಆಂಟೋನಿ ಏರಿಯಾಗೆ ಹೊರಟ್ವಿ. ಎಂಟು ಜನ ಅಂದ ತಕ್ಷಣ ಬಾಗ್ಲಲ್ಲಿದ್ದ ಹುಡುಗಿ ನಕ್ಲು, ವೀಕೆಂಡ್ ಬುಕಿಂಗ್ ಇಲ್ಲ, ಹೆಸ್ರು ಬರೆಸಿ, ಒಂದು ಗಂಟೆ. ನಾಲ್ಕು ನಾಲ್ಕು ಆಗಿ ಎರಡು ಟೇಬಲ್ ಆದ್ರೆ? ಇಪ್ಪತ್ತೈದು ನಿಮಿಷ. ಎಂಟು ಜನಕ್ಕೆ ಒಂದೇ ಟೇಬಲ್ ಅನ್ನೋ ಹಟ ಬಿಟ್ರೆ ಅರ್ಧ ಸಮಸ್ಯೆ ಮುಗೀತು ಅಂತ ಯಾರಾದ್ರೂ ಮೊದ್ಲೇ ಹೇಳ್ಬಾರ್ದಿತ್ತಾ.

ಕಾಯೋ ಹೊತ್ತಲ್ಲಿ ಸಾಂತ್ ಆಂಟೋನಿ ಮಾರ್ಕೆಟ್ ಸುತ್ತ ಒಂದು ರೌಂಡು. 1882ರ ಕಬ್ಬಿಣದ ಕಟ್ಟಡ, ಒಳಗೆ ತರಕಾರಿ ಅಂಗಡಿಗಳು ಮುಚ್ಚಿದ್ವು, ಆದ್ರೆ ಆಚೆ ಭಾನುವಾರದ ಹಳೇ ಪುಸ್ತಕದ ಸಂತೆ. ಒಂದು ಕಡೆ ಮಕ್ಕಳೂ ಅಪ್ಪಂದಿರೂ ಕೈಯಲ್ಲಿ ಫುಟ್ಬಾಲ್ ಆಟಗಾರರ ಸ್ಟಿಕ್ಕರ್ ಕಟ್ಟು ಹಿಡ್ಕೊಂಡು ಒಬ್ರಿಗೊಬ್ರು ಬದಲಾಯಿಸ್ಕೊಳ್ತಿದ್ರು, ಭಾಷೆ ಬರದಿದ್ರೂ ಪುಟ್ಟಿ ಒಳಗೆ ನುಗ್ಗಿ ಬಾಳೆಹಣ್ಣಿನ ಚಿಪ್ಸ್ ಕೊಟ್ಟು ಎರಡು ಸ್ಟಿಕ್ಕರ್ ಸಂಪಾದಿಸಿದ್ಲು.

ಕೆಫೆಯಲ್ಲಿ ಮೆನು ಇಂಗ್ಲಿಷಲ್ಲಿ, ಒಂದೊಂದು ತಿಂಡಿ ಪಕ್ಕಾನೂ ಸಣ್ಣ ಸಣ್ಣ ನಂಬರ್. ಯುರೋಪಿಯನ್ ಯೂನಿಯನ್ ಕಾನೂನಲ್ಲಿ 14 ಅಲರ್ಜಿ ಪದಾರ್ಥ ಹೇಳ್ಲೇಬೇಕು, ಮೊಟ್ಟೆ, ಮೀನು, ಹಾಲು, ಸಾಸಿವೆ ಎಲ್ಲಾ ಆ ಲಿಸ್ಟಲ್ಲಿದೆ (ಮಾಂಸ ಇಲ್ಲ, ಅದಕ್ಕೆ ಯಾರಿಗೂ ಅಲರ್ಜಿ ಇಲ್ಲ ಅನ್ಸುತ್ತೆ ಅವರ ಲೆಕ್ಕದಲ್ಲಿ). ಅಮ್ಮ ಕನ್ನಡಕ ಹಾಕ್ಕೊಂಡು ಮೊಟ್ಟೆ ನಂಬರ್ ಯಾವ್ದು ಅಂತ ಕೇಳಿ, ಪಂಚಾಂಗ ನೋಡೋ ಥರ ಬೆರಳಿಟ್ಟು ಸಾಲು ಸಾಲೂ ನೋಡಿ, ಯಾರನ್ನೂ ಕೇಳದೆ ತಾನೇ ಆರಿಸಿದ್ಲು. ಆವಕಾಡೊ ಟೋಸ್ಟು. ಮೊಟ್ಟೆ ತೆಗೆದು, ನಿಂಬೆಹಣ್ಣು ಜಾಸ್ತಿ. ಆಮೇಲೆ ಮೊಸರು, ಹಣ್ಣು, ಗ್ರಾನೋಲಾ ಒಂದು ಬಟ್ಟಲು. ಮೂರು ದಿನದಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿ, ಬೆರಳು ಒರೆಸ್ಕೊಂಡು, 'ಇದು ಐಂಡ್‌ಹೋವನ್ನಲ್ಲೂ ಸಿಗುತ್ತಾ?' ಅಂದ್ಲು. ನಮ್ಮನೆಯವರು ನನ್ನ ಮುಖ ನೋಡಿ ನಕ್ಕಿದ್ದು ನಂಗೆ ಕಾಣಿಸ್ಲಿಲ್ಲ ಅಂತ ಅಂದ್ಕೊಂಡಿದಾರೆ.

ಒಂದು ಗಂಟೆಗೆ ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ಟು, ಸಾಂತ್ ಆಂಟೋನಿಯಿಂದ ಎಲ್2 ಮೆಟ್ರೋ ನೇರ. ಹಂಚ್ಕೊಂಡು ಬಳಸ್ಬಹುದು ಅಂತ ಭಾವ ಹೆಮ್ಮೆಯಿಂದ 8 ಟ್ರಿಪ್ಪಿನ ಟಿ-ಫಮೀಲಿಯಾರ್ ಕಾರ್ಡ್ ತಗೊಂಡಿದ್ರು, ಎಂಟು ಜನ ಒಂದು ಸಲ ಗೇಟು ದಾಟೋಷ್ಟರಲ್ಲಿ ಕಾರ್ಡ್ ಮುಗೀತು. ಚರ್ಚಿನ ಬಗ್ಗೆ ಇನ್ನೊಂದಿನ ಬರೀತೀನಿ, ಅದು ಒಂದು ಪ್ಯಾರಾಕ್ಕೆ ಆಗೋದಲ್ಲ.

ಬೋರ್ಡಿಂಗ್ ಶುರುವಾಯ್ತು ಅಂತ ಕಾಣುತ್ತೆ. ಅಮ್ಮನನ್ನ ಎಬ್ಬಿಸಿದೆ. ಕಣ್ಣು ಬಿಟ್ಟೋಳೇ ಕೇಳಿದ್ದು, 'ಆ ಬಾರಿನವ್ನಿಗೆ ಪುಡಿಗೆ ಎಣ್ಣೆ ಹಾಕಿ ಕಲಸ್ಕೊಂಡು ತಿನ್ಬೇಕು ಅಂತ ಹೇಳಿದ್ಯಾ?'

ಹ್ಞೂಂ ಅಂದೆ. ಹೇಳಿರ್ಲಿಲ್ಲ.