ಕೊನೆಯ ಕೆಮಾರ್ಟ್ ಬಾಗಿಲು ಹಾಕಿದ ದಿನ

ಅಕ್ಟೋಬರ್ 20, 2024, ಭಾನುವಾರ
ಟ್ರಾಯ್, ಮಿಷಿಗನ್

ಅಗ್ಗದ ಬೆಲೆಗೆ ಎಲ್ಲ ಸಾಮಾನೂ ಮಾರುತ್ತಿದ್ದ ಅಮೆರಿಕದ ಅಂಗಡಿ ಕೆಮಾರ್ಟ್. ನ್ಯೂಯಾರ್ಕ್ ರಾಜ್ಯದ ಬ್ರಿಡ್ಜ್‌ಹ್ಯಾಂಪ್ಟನ್‌ನಲ್ಲಿದ್ದ ಅದರ ಅಂಗಡಿಗೆ ಇವತ್ತು ಕೊನೆಯ ದಿನ. ಅಮೆರಿಕದ ಮುಖ್ಯ ಭೂಮಿಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಕೆಮಾರ್ಟ್ ಅದು. ಇನ್ನು ಉಳಿಯೋದು ಮಯಾಮಿ ಕಡೆ ಒಂದು ಪುಟ್ಟ ಅಂಗಡಿ, ಗುವಾಮ್ ಮತ್ತು ವರ್ಜಿನ್ ದ್ವೀಪಗಳಲ್ಲಿ ಬೆರಳೆಣಿಕೆಯಷ್ಟು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಸುದ್ದಿ ಓದಿದವಳಿಗೆ ಆಮೇಲೆ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ.

ನಾವು ಹಾಸನದಿಂದ ಇಲ್ಲಿಗೆ ಬಂದದ್ದು 1998ರ ಡಿಸೆಂಬರ್‌ನಲ್ಲಿ. ಎರಡು ಸೂಟ್‌ಕೇಸ್, ಒಂದು ಕುಕ್ಕರ್. ಮೊದಲ ವಾರವೇ ಕೆಮಾರ್ಟ್‌ಗೆ ಹೋದೆವು. ದಪ್ಪ ಕೋಟು, ಬೂಟು, ಬಕೆಟ್, ಎರಡು ಟವೆಲ್, ಎಲ್ಲ ಒಂದೇ ಕಡೆ ಸಿಕ್ಕಿತು. ಡಾಲರ್ ಬೆಲೆ ರೂಪಾಯಿಯಲ್ಲಿ ಎಷ್ಟಾಯಿತು ಅಂತ 42ರಿಂದ ಗುಣಿಸಿ ನೋಡುತ್ತಿದ್ದ ದಿನಗಳು. ಗುಣಿಸಿದ ಮೇಲೂ ಕೈಗೆಟುಕುತ್ತಿದ್ದ ಅಂಗಡಿ ಅದೊಂದೇ. ಆ ಟವೆಲ್‌ಗಳಲ್ಲಿ ಒಂದು ಇನ್ನೂ ಇದೆ. ಮನೆ ಅಲಂಕಾರ, ಅಡುಗೆಗೆ ಹೆಸರಾದ ಮಾರ್ಥಾ ಸ್ಟೀವರ್ಟ್ ಅವರ ಹೆಸರಿನಲ್ಲಿ ಕೆಮಾರ್ಟ್ ಮಾರುತ್ತಿದ್ದ ತಿಳಿ ಹಸಿರು ಟವೆಲ್. ಅಂಚು ಬಿಚ್ಚಿಕೊಂಡಿದೆ. ನಡುವೆ ಸವೆದು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಲೇಬಲ್ ಮೇಲಿನ ಅಕ್ಷರ ಎಂದೋ ಒಗೆದು ಹೋಯಿತು. ಈಗ ಕಾರು ಒರೆಸೋಕೆ ಇಟ್ಟುಕೊಂಡಿದ್ದೇನೆ.

ಇಲ್ಲಿ ಮಿಷಿಗನ್ ಕಡೆಯವರಿಗೆ ಕೆಮಾರ್ಟ್ ಅಂದರೆ ಊರಿನ ಅಂಗಡಿ. ಸೆಬಾಸ್ಟಿಯನ್ ಕ್ರೆಸ್ಗಿ 1899ರಲ್ಲಿ ಡೆಟ್ರಾಯಿಟ್‌ನಲ್ಲಿ ವ್ಯಾಪಾರ ಶುರು ಮಾಡಿದರು. ಐದು ಸೆಂಟು, ಹತ್ತು ಸೆಂಟಿನ ಸಾಮಾನಿನ ಅಂಗಡಿ. ಅದು ಊರೂರಿಗೂ ಹಬ್ಬಿತು. ಆದರೆ 1950ರ ದಶಕದಲ್ಲಿ ಜನ ಪೇಟೆ ಬಿಟ್ಟು ಕಾರು ತಗೊಂಡು ಊರಾಚೆಯ ಬಡಾವಣೆಗಳಿಗೆ ಹೋಗತೊಡಗಿದರು. ಪೇಟೆ ಬೀದಿಯ ಸಣ್ಣ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ಆಗ ಕಂಪನಿಯಲ್ಲಿದ್ದ ಹ್ಯಾರಿ ಕನ್ನಿಂಗ್‌ಹ್ಯಾಮ್ ದೇಶವೆಲ್ಲ ಸುತ್ತಿ, ಅಗ್ಗದ ಬೆಲೆಯ ದೊಡ್ಡ ಅಂಗಡಿಗಳು ಹೇಗೆ ನಡೀತಿವೆ ಅಂತ ನೋಡಿಕೊಂಡು ಬಂದರು. ಸ್ಟಾಕ್ ರೂಮಿನಲ್ಲಿ ಕೆಲಸ ಕಲಿತು ಮೇಲೆ ಬಂದ ಮನುಷ್ಯ ಅವರು. 1959ರಲ್ಲಿ ಅಧ್ಯಕ್ಷರಾದರು. 1962ರ ಮಾರ್ಚ್ 1ರಂದು ಮಿಷಿಗನ್‌ನದೇ ಗಾರ್ಡನ್ ಸಿಟಿಯಲ್ಲಿ ಮೊದಲ ಕೆಮಾರ್ಟ್ ತೆರೆದರು. ಆ ಒಂದೇ ವರ್ಷದಲ್ಲಿ 18 ಅಂಗಡಿ!

ಇಂಥದ್ದೇ ಅಗ್ಗದ ಅಂಗಡಿಗಳು ಇನ್ನೆರಡು: ಅದೇ 1962ರ ಮೇ ತಿಂಗಳಲ್ಲಿ ಟಾರ್ಗೆಟ್ ಬಂತು, ಜುಲೈನಲ್ಲಿ ವಾಲ್‌ಮಾರ್ಟ್. ವಾಲ್‌ಮಾರ್ಟಿನ ಸ್ಯಾಮ್ ವಾಲ್ಟನ್ ಕೆಮಾರ್ಟ್ ಅಂಗಡಿಗಳಿಗೆ ಹೋಗಿ, ಏನೇನು ಹೇಗೆ ಜೋಡಿಸಿದ್ದಾರೆ ಅಂತ ನೋಡಿ ಕಲಿತವರು. 1976ರಲ್ಲಂತೂ ಕೆಮಾರ್ಟ್ ಒಂದೇ ವರ್ಷ 271 ಹೊಸ ಅಂಗಡಿ ತೆರೆಯಿತು. ಮರುವರ್ಷ ಕ್ರೆಸ್ಗಿ ಕಂಪನಿಯ ಹೆಸರೇ ಕೆಮಾರ್ಟ್ ಅಂತಾಯಿತು.

ನೀಲಿ ದೀಪದ ಬಗ್ಗೆ ಬರೆಯದೆ ಇರೋಕಾಗಲ್ಲ. 1965ರಲ್ಲಿ ಇಂಡಿಯಾನಾದ ಒಬ್ಬ ಮ್ಯಾನೇಜರ್ ಹೂಡಿದ ಉಪಾಯ. ಒಂದು ಕಂಬಕ್ಕೆ ಪೊಲೀಸ್ ಕಾರಿನ ಮೇಲಿರುವಂಥ ತಿರುಗುವ ದೀಪ. ಅದನ್ನು ಖರ್ಚಾಗದ ಸಾಮಾನಿನ ಹತ್ತಿರ ತಳ್ಳಿಕೊಂಡು ಹೋಗಿ ನಿಲ್ಲಿಸೋದು. ಮೈಕಿನಲ್ಲಿ 'ಅಟೆನ್ಷನ್ ಕೆಮಾರ್ಟ್ ಶಾಪರ್ಸ್' ಅಂತ ಕೂಗು. ದೀಪ ಉರಿಯುವಷ್ಟು ಹೊತ್ತು ಆ ಸಾಮಾನು ಇನ್ನೂ ಅಗ್ಗ. 1991ರಲ್ಲಿ ನಿಲ್ಲಿಸಿದ್ದನ್ನು 2001ರಲ್ಲಿ ಮತ್ತೆ ತಂದರು. ಆಗ ನನ್ನ ಮಗಳು ನಡೆಯೋಕೆ ಕಲಿತಿದ್ದಳು. ದೀಪ ಕಂಡರೆ ನನ್ನ ಕೈ ಬಿಡಿಸಿಕೊಂಡು ಅತ್ತ ಓಡುತ್ತಿದ್ದಳು.

ಇಷ್ಟು ಮುಂದಿದ್ದವರು ಸೋತದ್ದು ಯಾಕೆ? ನನ್ನ ಕೆಲಸವೇ ಗೋಡೌನ್ ಸ್ಟಾಕಿನ ಸಾಫ್ಟ್‌ವೇರ್. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ವಾಲ್‌ಮಾರ್ಟ್ 1980ರ ದಶಕದಲ್ಲಿ ಕಂಪ್ಯೂಟರ್, ಗೋಡೌನ್, ಸ್ವಂತ ಉಪಗ್ರಹ ಸಂಪರ್ಕ ಅಂತ ದುಡ್ಡು ಹಾಕಿತು. ಯಾವ ಊರಿನ ಅಂಗಡಿಯಲ್ಲಿ ಇವತ್ತು ಏನು ಮಾರಿತು, ನಾಳೆ ಏನು ಕಳಿಸಬೇಕು ಅನ್ನೋದು ಅವರಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ಕೆಮಾರ್ಟ್ ಪುಸ್ತಕದಂಗಡಿ, ಮನೆ ಕಟ್ಟುವ ಸಾಮಾನಿನ ಅಂಗಡಿ, ಕ್ರೀಡಾ ಸಾಮಗ್ರಿಯ ಅಂಗಡಿಗಳನ್ನೆಲ್ಲ ಕೊಳ್ಳುತ್ತಾ ಹೋಯಿತು. ತನ್ನ ಹಳೆಯ ಅಂಗಡಿಗಳು ಹಳತಾಗುತ್ತಲೇ ಹೋದವು. 1990ರ ಹೊತ್ತಿಗೆ ವಾಲ್‌ಮಾರ್ಟ್ ಮಾರಾಟದಲ್ಲಿ ಮುಂದೆ ಹೋಗಿತ್ತು.

2001ರಲ್ಲಿ ಕೆಮಾರ್ಟ್ ಸಾವಿರಾರು ಸಾಮಾನಿನ ಬೆಲೆ ಇಳಿಸಿತು. ಜೊತೆಗೆ ಪೇಪರಿನಲ್ಲಿ ಬರುತ್ತಿದ್ದ ಜಾಹೀರಾತಿನ ಹಾಳೆಗಳನ್ನೂ ಕಡಿಮೆ ಮಾಡಿತು. ಆ ಹಾಳೆ ನೋಡಿಯೇ ಅಂಗಡಿಗೆ ಬರುತ್ತಿದ್ದವರು ಬರೋದು ಬಿಟ್ಟರು. ಬೆಲೆಯಲ್ಲಿ ವಾಲ್‌ಮಾರ್ಟನ್ನು ಗೆಲ್ಲೋಕೆ ಹೋದದ್ದೇ ತಪ್ಪು ಅಂತ ನನಗನ್ನಿಸುತ್ತದೆ. ಸಾಮಾನು ಸಾಗಿಸೋ ಖರ್ಚು ಕಡಿಮೆ ಇದ್ದವರಿಗೆ ಮಾತ್ರ ಆ ಆಟ ಆಡೋಕೆ ಸಾಧ್ಯ. 2002ರ ಜನವರಿ 22ರಂದು ಕೆಮಾರ್ಟ್ ದಿವಾಳಿ ಅರ್ಜಿ ಹಾಕಿತು. ಎರಡು ವರ್ಷದಲ್ಲಿ ಸುಮಾರು 600 ಅಂಗಡಿ ಮುಚ್ಚಿದವು. ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು, ಟ್ರಕ್ಕಿನಿಂದ ಸರಕು ಇಳಿಸುತ್ತಿದ್ದವರು ಎಲ್ಲಿ ಹೋದರೋ.

2005ರಲ್ಲಿ ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಇದನ್ನು ಸಿಯರ್ಸ್ ಅನ್ನೋ ಇನ್ನೊಂದು ಹಳೆಯ ಅಂಗಡಿ ಕಂಪನಿಯ ಜೊತೆ ಸೇರಿಸಿದರು. ಮುಖ್ಯ ಕಚೇರಿ ಇಲಿನಾಯ್‌ಗೆ ಹೋಯಿತು. 2017ರಲ್ಲಿ ಗಾರ್ಡನ್ ಸಿಟಿಯ ಮೊದಲ ಅಂಗಡಿಯೇ ಮುಚ್ಚಿತು. 2018ರಲ್ಲಿ ಎರಡೂ ಸೇರಿ ದಿವಾಳಿ. ಇಲ್ಲಿ ಬಿಗ್ ಬೀವರ್ ರಸ್ತೆಯಲ್ಲಿದ್ದ ಹಳೆಯ ಮುಖ್ಯ ಕಚೇರಿ ವರ್ಷಗಟ್ಟಲೆ ಖಾಲಿ ನಿಂತಿತ್ತು. ಕಳೆದ ವರ್ಷದ ಕೊನೆಗೆ ಅದನ್ನೂ ಕೆಡವೋಕೆ ಶುರು ಮಾಡಿದರು. ಮಧ್ಯಾಹ್ನ ಸುಮ್ನೆ ಆ ದಾರಿಯಲ್ಲೇ ಕಾರು ಓಡಿಸಿಕೊಂಡು ಬಂದೆ.

ಸಂಜೆ ಮೆಲ್ಬರ್ನ್‌ನಿಂದ ಅಕ್ಕ ಫೋನ್ ಮಾಡಿದಳು. ಅಲ್ಲಿ ಆಗಲೇ ಸೋಮವಾರ ಬೆಳಿಗ್ಗೆ. ವಿಷಯ ಹೇಳಿದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. "ಏನೇ ನೀನು, ನಿನ್ನೆ ತಾನೇ ನಮ್ಮ ಕೆಮಾರ್ಟ್‌ಗೆ ಹೋಗಿದ್ದೆ, ಕಾಲಿಡೋಕೆ ಜಾಗ ಇರಲಿಲ್ಲ" ಅಂದಳು. ಆಸ್ಟ್ರೇಲಿಯಾದ ಮೊದಲ ಕೆಮಾರ್ಟ್ 1969ರಲ್ಲಿ ತೆರೆದದ್ದು ಅವಳ ಊರಲ್ಲೇ, ಬರ್ವುಡ್ ಈಸ್ಟ್‌ನಲ್ಲಿ. ಕ್ರೆಸ್ಗಿ ಕಂಪನಿ ಅಲ್ಲಿನ ಕೋಲ್ಸ್ ಅನ್ನೋ ಅಂಗಡಿ ಕಂಪನಿ ಜೊತೆ ಸೇರಿ ಶುರು ಮಾಡಿದ್ದು. ಈಗ ಅದು ಅಲ್ಲಿಯವರದ್ದೇ, ಇಲ್ಲಿಯದಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಂದಿನ ವರ್ಷ ಅವಳ ಮನೆಗೆ ಹೋಗಬೇಕು ಅಂದುಕೊಂಡಿದ್ದೇನೆ. ಅಲ್ಲಿ ಎರಡು ಟವೆಲ್ ತಗೋಬೇಕು.